ಒಂದು ಮನೆ ಬಿಟ್ಟು ಒಂದು ಮನೆ

೭ ಜನವರಿ ೨೦೦೮, ಸೋಮವಾರ

ಗ್ರಂಥಾಲಯಕ್ಕೆ ಹೊಸ ಸಾಫ್ಟ್‌ವೇರ್ ಬಂದಿದೆ. ಬಂದಿದೆ ಅಂದರೆ ಇಲ್ಲಿ ಏನೂ ಬಂದಿಲ್ಲ. ಅದು ಎಲ್ಲೋ ದೂರದ ಕಂಪ್ಯೂಟರಿನಲ್ಲಿದೆ, ನಾವು ಇಂಟರ್‌ನೆಟ್ಟಿನಿಂದ ಅದರ ಬಾಗಿಲು ತಟ್ಟಬೇಕು. ಬಳಸಿ ನೋಡಿ ಎಂದು ವಿಶ್ವವಿದ್ಯಾಲಯಕ್ಕೆ ಮಾರ್ಚ್ ಕೊನೆಯವರೆಗೆ ಕೊಟ್ಟಿದ್ದಾರೆ, ಆಮೇಲೆ ಬಾಗಿಲು ಮುಚ್ಚುತ್ತದೆ. ಗ್ರಂಥಾಲಯದ ಅಲ್ಲಾಬಕ್ಷ ಅವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಯಾರಿಗೂ ತೋರಿಸಬೇಡಿ ಅಂದರು. ಹಿಂದೆ ನಿಂತವರೆಲ್ಲ ಅಷ್ಟೊತ್ತಿಗೆ ಓದಿಕೊಂಡಾಗಿತ್ತು.

ನನ್ನ ಪಿಎಚ್.ಡಿ. ಪ್ರಬಂಧದ ಪ್ರಶ್ನೆ ಒಂದೇ. ಬಡವರ ಮಕ್ಕಳಿಗೆ ದಿನಾ ಒಂದು ಪೌಷ್ಟಿಕ ಉಂಡೆಯನ್ನೋ ಹಿಟ್ಟನ್ನೋ ಕೊಟ್ಟರೆ ಅವು ಬೆಳೆಯುತ್ತವೆಯೋ ಇಲ್ಲವೋ? ಈ ಬಗ್ಗೆ ಇದುವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಂದೆಡೆ ಸುರಿದು, ಮೊರದಲ್ಲಿ ಜೋಳ ಹಸನು ಮಾಡಿದ ಹಾಗೆ ಹಸನು ಮಾಡಿ, ಉಳಿದದ್ದನ್ನು ಕೂಡಿಸಿ ಉತ್ತರ ಹೇಳಬೇಕು. ಸಾಫ್ಟ್‌ವೇರಿನಲ್ಲಿ ಇಬ್ಬರು ಓದಬೇಕು. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಪ್ರತಿ ಅಧ್ಯಯನಕ್ಕೂ ‘ಇರಲಿ’ ಅಥವಾ ‘ಬೇಡ’. ಇಬ್ಬರೂ ಬೇರೆ ಬೇರೆ ಒತ್ತಿದರೆ ಅದು ಕೆಂಪಾಗುತ್ತದೆ, ಆಗ ಮೂರನೆಯವರು ತೀರ್ಪು ಕೊಡಬೇಕು. ಒಂದೇ ಒಂದು ಕೆಂಪು ಉಳಿದರೂ ಅದು ಮುಂದಿನ ಲೆಕ್ಕಕ್ಕೆ ಬಿಡುವುದಿಲ್ಲ.

ಮೊದಲನೆಯವಳು ನಾನು. ಎರಡನೆಯವನು ಸಂಖ್ಯಾಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದ ಚಂದ್ರಶಾ, ಕಮಲಾಪುರದವನು, ಮಾತು ಕಡಿಮೆ. ಮೂರನೆಯವರು ನನ್ನ ಗುರುಗಳು, ನಿವೃತ್ತರಾದ ಗುರುಲಿಂಗಪ್ಪ ಸರ್.

ಮನೆಗೆ ಬಂದರೆ ಬಾಗಿಲಲ್ಲಿ ಪಕ್ಕದ ಮನೆಯ ಖುರ್ಷೀದ್ ಬೇಗಂ ಅವರ ಸ್ಟೀಲ್ ಡಬ್ಬಿ. ಅವ್ವ ಹೋದ ಮೇಲೂ ಕಳಿಸುವುದನ್ನು ನಿಲ್ಲಿಸಿಲ್ಲ. ಇವತ್ತು ಶಾವಿಗೆ ಪಾಯಸ. ತಿಂದು, ಡಬ್ಬಿ ತೊಳೆದು, ಅವರ ಕಟ್ಟೆಯ ಮೇಲಿಟ್ಟು ಬಂದೆ. ಕೊಡುವ ಕೊಳ್ಳುವ ಬಾಬತ್ತು ಅವ್ವನದಾಗಿತ್ತು, ಅವಳ ಜೊತೆಗೇ ಮುಗಿಯಿತು ಎಂದು ಇವರಿಗೆ ಹೇಗೆ ತಿಳಿಸುವುದು?

೮ ಜನವರಿ, ಮಂಗಳವಾರ

ಎಳ್ಳ ಅಮಾವಾಸ್ಯೆ. ಮರೆತು ಗ್ರಂಥಾಲಯಕ್ಕೆ ಹೋಗಿ ಬೀಗ ನೋಡಿ ಬಂದೆ. ನಮ್ಮ ಬಡಾವಣೆ ಶಹಾಬಜಾರದ ಅರ್ಧ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದಾರೆ. ಅವ್ವ ಇದ್ದಾಗ ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ಕಡುಬು ಮಾಡಿ ಮೊದಲ ಡಬ್ಬಿಯನ್ನು ಗೋಡೆಯಾಚೆ ಕಳಿಸುತ್ತಿದ್ದಳು. ನಾನು ಅವಲಕ್ಕಿ ತಿಂದೆ. ಅವಲಕ್ಕಿಯೂ ಆಹಾರವೇ.

೨೩ ಜನವರಿ, ಬುಧವಾರ

ದಿನವಿಡೀ ‘ಬೇಡ’ ಒತ್ತುತ್ತೇನೆ. ಇಲಿಗಳ ಮೇಲಿನ ಅಧ್ಯಯನ, ಬೇಡ. ಹಂದಿಮರಿ, ಬೇಡ. ಸೈನಿಕರು, ಬೇಡ. ನಡುವೆ ಕರೆಂಟು ಹೋದರೆ ಎಲ್ಲವೂ ಮತ್ತೆ ಮೊದಲಿಂದ ತೆರೆಯಬೇಕು. ಈ ಕೆಲಸ ನನಗೆ ಒಗ್ಗಿದೆ. ಬೇಕು ಅನ್ನುವುದಕ್ಕಿಂತ ಬೇಡ ಅನ್ನುವುದು ಬೇಗ ಮುಗಿಯುತ್ತದೆ, ಯಾರೂ ಮತ್ತೇನೂ ಕೇಳುವುದಿಲ್ಲ. ಚಂದ್ರಶಾ ಮಧ್ಯಾಹ್ನದ ಮೇಲೆ ಬಂದು ಅದೇ ಯಂತ್ರದ ಮುಂದೆ ಕೂರುತ್ತಾನೆ. ನಾನು ಏಳುವಾಗ ಅವನು ಕೂರುವುದು. ನಮಸ್ಕಾರ ಬಿಟ್ಟರೆ ಬೇರೆ ಮಾತಿಲ್ಲ. ನಿಯಮವೇ ಹಾಗಿದೆ, ಒಳ್ಳೆಯದೇ ಆಯಿತು.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅವ್ವನ ಕೈಯ ಶೇಂಗಾ ಹಿಂಡಿಯ, ಆ ಖಾರದ ಚಟ್ನಿಪುಡಿಯ ಬಾಟಲಿ ಇದೆ. ತಳದಲ್ಲಿ ನಾಲ್ಕು ಚಮಚ ಉಳಿದಿರಬಹುದು. ನಾನು ತೆಗೆಯುವುದಿಲ್ಲ. ಅದನ್ನು ಮಾಡುವುದು ನನಗೆ ಬರುವುದಿಲ್ಲ. ಆಹಾರ ವಿಜ್ಞಾನದ ಉಪನ್ಯಾಸಕಿಗೆ ಇದು ಶೋಭೆಯಲ್ಲ ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

೪ ಫೆಬ್ರವರಿ, ಸೋಮವಾರ

ಇವತ್ತು ರಾಶಿಯಲ್ಲಿ ಗುರುಲಿಂಗಪ್ಪ ಸರ್ ಅವರ ಅಧ್ಯಯನ ಸಿಕ್ಕಿತು. ‘ಇರಲಿ’ ಒತ್ತಿದೆ. ಸಂಜೆ ಸೇಡಂ ರಸ್ತೆಯ ಅವರ ಮನೆಗೆ ಹೋಗಿ, ಯಾವುದನ್ನು ಒತ್ತಿದೆ ಎಂದು ಹೇಳದೆ, ನಿಮ್ಮದು ಬಂದಿದೆ ಸರ್ ಎಂದಷ್ಟೇ ಹೇಳಿದೆ.

ಆ ಕಥೆ ನನಗೆ ಗೊತ್ತಿರುವುದೇ. ಆದರೂ ಅವರು ಇನ್ನೊಮ್ಮೆ ಹೇಳಿದರು, ನಾನೂ ಇನ್ನೊಮ್ಮೆ ಕೇಳಿದೆ. ೧೯೮೬ರಲ್ಲಿ ಕಮಲಾಪುರದ ಒಂದು ಓಣಿ. ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಜೋಳ, ಶೇಂಗಾ, ಬೆಲ್ಲದ ಉಂಡೆ. ಯಾರಿಗೂ ಪಕ್ಷಪಾತ ಅನ್ನಿಸಬಾರದು, ಶ್ರೀಮಂತರ ಮನೆ ಬಡವರ ಮನೆ ಎರಡೂ ಕಡೆ ಸಮನಾಗಿ ಬರಬೇಕು ಎಂದು ಹಾಗೆ ಮಾಡಿದ್ದು. ಉಂಡೆ ಕಟ್ಟಿದವರು ಅವರ ಹೆಂಡತಿ ಭಾಗಮ್ಮನವರು. ಪ್ರತಿ ಸೋಮವಾರ ಡಬ್ಬಿಗಳು ಜೀಪಿನಲ್ಲಿ ಹೋಗುತ್ತಿದ್ದವು. ವರ್ಷ ಮುಗಿದ ಮೇಲೆ ಮಕ್ಕಳನ್ನು ತೂಗಿದರು. ಉಂಡೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವೇ ಇರಲಿಲ್ಲ. ಸರ್ ಅದನ್ನು ಇದ್ದದ್ದು ಇದ್ದ ಹಾಗೆ ಬರೆದು ಪ್ರಕಟಿಸಿದರು. ಊರೂರಿಗೆ ಉಂಡೆ ಹಂಚಬೇಕೆಂಬ ಅವರದೇ ಪ್ರಸ್ತಾಪ ಅವರದೇ ವರದಿಯಿಂದ ಬಿದ್ದುಹೋಯಿತು. ಅಂದಿನಿಂದ ಆ ಮನೆಯಲ್ಲಿ ಉಂಡೆ ಕಟ್ಟಿಲ್ಲ. ಇವತ್ತೂ ಚಹಾದ ಜೊತೆ ಅಂಗಡಿಯ ಬಿಸ್ಕೀಟು.

“ಎಲ್ಲಾರೂ ಗೆದ್ದದ್ದು ಬರೀತಾರ, ನಾ ಸೋತದ್ದು ಬರದೀನಿ. ಅದು ನಿನ್ನ ಲೆಕ್ಕದಾಗ ಇರಬೇಕು, ಅಮೃತಾ. ನಂದು ಅಂತ ಉಳದಿದ್ದು ಅದೊಂದೇ ಅದ,” ಅಂದರು.

ಹೊರಡುವಾಗ ನಗುತ್ತ ಇನ್ನೊಂದು ಹೇಳಿದರು. ಆ ವರ್ಷ ಅವರ ಮನೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಬರವೇ ಇರಲಿಲ್ಲವಂತೆ. ಹೋದ ಡಬ್ಬಿ ಒಂದೂ ಖಾಲಿ ವಾಪಸು ಬರುತ್ತಿರಲಿಲ್ಲವಂತೆ. ಭಾಗಮ್ಮನವರು ನಗಲಿಲ್ಲ, ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದರು.

೧೮ ಫೆಬ್ರವರಿ, ಸೋಮವಾರ

ಇಬ್ಬರ ಓದೂ ಮುಗಿಯಿತು. ಇವತ್ತು ಕೆಂಪಾದವುಗಳನ್ನು ತೆರೆದೆವು. ಹೆಚ್ಚಿನವು ಸಣ್ಣಪುಟ್ಟವು, ಸರ್ ಫೋನಿನಲ್ಲೇ ತೀರಿಸಿದರು. ಒಂದು ಉಳಿಯಿತು, ಅವರದೇ. ಚಂದ್ರಶಾ ‘ಬೇಡ’ ಒತ್ತಿದ್ದಾನೆ.

ನನಗೆ ಸಿಟ್ಟು ಬಂತು. ಅವನಿಗೆ ಅದು ಗೊತ್ತಾಯಿತು, ಆದರೂ ತನ್ನ ಮಾತು ಬಿಡಲಿಲ್ಲ. “ಚೀಟಿ ಎತ್ತಿ ಆರಿಸಿಲ್ಲರಿ ಮೇಡಂ. ಒಂದು ಮನಿ ಬಿಟ್ಟು ಒಂದು ಮನಿ ಅಂದ್ರ ಮುಂದಿನ ಉಂಡಿ ಯಾರಿಗೆ ಅಂತ ಮೊದಲೇ ಗೊತ್ತಾಗ್ತದ,” ಅಂದ. ಅದು ಸಣ್ಣ ದೋಷ, ಅಂಥವನ್ನು ಇಟ್ಟುಕೊಳ್ಳಬಹುದು ಎಂದು ನಾನು. ಎಷ್ಟು ಸಣ್ಣದು ಎಂದು ಅವನು. ನಮ್ಮ ದನಿ ಏರಿ, ಅಲ್ಲಾಬಕ್ಷ ಅವರು ಕನ್ನಡಕದ ಮೇಲಿಂದ ನೋಡಿದರು.

ನನ್ನ ಸಂಶಯ ಬೇರೆ. ಕಾಗದದ ಮೇಲೆ ನಾನೇ ಲೆಕ್ಕ ಹಾಕಿ ನೋಡಿದ್ದೇನೆ, ಸರ್ ಅವರ ಅಧ್ಯಯನ ಬಿಟ್ಟರೆ ಉತ್ತರ ಚೆಂದ ಬರುತ್ತದೆ: ಉಂಡೆಯಿಂದ ಸ್ವಲ್ಪ ಲಾಭವಿದೆ. ಸೇರಿಸಿದರೆ ಆ ಸ್ವಲ್ಪವೂ ಕರಗುತ್ತದೆ. ಉತ್ತರ ಚೆಂದ ಕಾಣಲೆಂದು ಒಬ್ಬ ಪ್ರಾಮಾಣಿಕ ಮನುಷ್ಯನ ಸೋಲನ್ನು ಕಸಕ್ಕೆ ಹಾಕುವುದು ನನ್ನ ಕೈಯಿಂದ ಆಗದು. ತೀರ್ಪು ಕೊಡಬೇಕಾದವರು ಸರ್, ಆದರೆ ತಮ್ಮದಕ್ಕೆ ತಾವೇ ತೀರ್ಪು ಕೊಡುವ ಹಾಗಿಲ್ಲ. ಕೆಂಪು ಹಾಗೇ ಉಳಿದಿದೆ.

೨೫ ಫೆಬ್ರವರಿ, ಸೋಮವಾರ

ಜ್ವರ.

೨೬ ಫೆಬ್ರವರಿ

ಜ್ವರ. ಖುರ್ಷೀದ್ ಖಾಲಾ ಖಿಚಡಿ ತಂದರು. ಹೋಗಿ ಎಂದೆ. ಹೋಗಲಿಲ್ಲ.

೨೮ ಫೆಬ್ರವರಿ, ಗುರುವಾರ

ಇಳಿದಿದೆ. ಮೂರು ದಿನದ ಡಬ್ಬಿಗಳು ಒಲೆಯ ಪಕ್ಕ ತೊಳೆದು ಬೋರಲು ಹಾಕಿವೆ. ಖಾಲಿ ಕಳಿಸಲು ಈ ಸಲ ಯಾಕೋ ಮನಸ್ಸಾಗಲಿಲ್ಲ, ಮನೆಯಲ್ಲಿ ಹಾಕಲು ಏನೂ ಇರಲಿಲ್ಲ. ಒಂದೊಂದು ಹಿಡಿ ಸಕ್ಕರೆ ಹಾಕಿದೆ. ಏನೂ ಇಲ್ಲದಾಗ ಅವ್ವ ಹಾಗೇ ಮಾಡುತ್ತಿದ್ದಳು. ಕಟ್ಟೆಯ ಮೇಲಿಡದೆ ಕೈಗೇ ಕೊಟ್ಟೆ. ಖಾಲಾ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಒಳಗೆ ಒಯ್ದರು. ಜ್ವರದ ನಿಶ್ಶಕ್ತಿಯಲ್ಲಿ ಮನುಷ್ಯ ಏನೇನೋ ಮಾಡುತ್ತಾನೆ.

೯ ಮಾರ್ಚ್, ಭಾನುವಾರ

ಕಮಲಾಪುರಕ್ಕೆ ಹೋಗಿ ಬಂದೆ. ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು.

ಹೋಗೋಣ ಅಂದವನು ಚಂದ್ರಶಾ. ಸರ್ ಅಧ್ಯಯನ ಮಾಡಿದ ಓಣಿ ಅವನ ಓಣಿಯೇ ಅಂತೆ. ಇದನ್ನು ಹೇಳಲು ಅವನಿಗೆ ಇಷ್ಟು ದಿನ ಬೇಕಾಯಿತು. ಊರ ಹೆಸರು ಒಂದಿತ್ತು, ಓಣಿಯ ಹೆಸರು ವರದಿಯಲ್ಲಿರಲಿಲ್ಲ, ವಿಚಾರಿಸಿದ ಮೇಲೆ ಗೊತ್ತಾಯಿತು ಅಂದ. ಮನೆಗಳನ್ನು ಹೇಗೆ ಆರಿಸಿದರು ಎಂದು ಅಲ್ಲಿಯವರನ್ನೇ ಕೇಳಿದರೆ ನಮ್ಮ ಜಗಳ ತೀರೀತು ಎಂದು ಇಬ್ಬರೂ ಹುಮನಾಬಾದ್ ಬಸ್ಸು ಹತ್ತಿದೆವು. ಖಾಲಾ ದಾರಿಗೆಂದು ಒಂದು ಡಬ್ಬಿ ಚಪಾತಿ ಕೊಟ್ಟಿದ್ದರು. ಬಸ್ಸಿನಲ್ಲೇ ಇಬ್ಬರೂ ತಿಂದು ಮುಗಿಸಿದೆವು.

ಅವನ ತಾಯಿ ಬಂಡಮ್ಮ ನನ್ನನ್ನು ಅಕ್ಕೋರೆ ಎಂದು ಕರೆದು ಕೂರಿಸಿದರು. ಮನೆಗಳ ಆಯ್ಕೆಯಲ್ಲಿ ಮೋಸವೇನೂ ಇರಲಿಲ್ಲ. ಸರ್ ಓಣಿಯ ತುದಿಯಿಂದ ನಡೆದುಕೊಂಡು ಬಂದರು, ಒಂದು ಮನೆಗೆ ಹೂಂ, ಮುಂದಿನ ಮನೆಗೆ ಇಲ್ಲ. ಇವರ ಮನೆಗೆ ಇಲ್ಲ ಬಂತು, ಪಕ್ಕದ ಮರೆಮ್ಮನ ಮನೆಗೆ ಹೂಂ. ನಾನು ಚಂದ್ರಶಾನ ಕಡೆ ನೋಡಿದೆ, ಗೆದ್ದೆ ಅನ್ನುವ ಹಾಗೆ. ಏಳುವ ಹೊತ್ತಿಗೆ ಬಂಡಮ್ಮ ನನ್ನ ಚೀಲದಲ್ಲಿದ್ದ ಖಾಲಿ ಡಬ್ಬಿ ಕೇಳಿ ಇಸಿದುಕೊಂಡು ಒಳಗೆ ಹೋದರು. ಶೇಂಗಾ ತುಂಬಿ ತಂದರು. ಬೇಡ ಎಂದೆ.

“ಡಬ್ಬಿ ಖಾಲಿ ಹೆಂಗ ಕೊಡ್ಲಿರಿ,” ಅಂದರು.

ನಾನು ಮತ್ತೆ ಕೂತುಬಿಟ್ಟೆ. ಮರೆಮ್ಮನ ಮನೆಗೆ ನೀವು ಏನಾದರೂ ಕಳಿಸುತ್ತಿದ್ದಿರಾ ಎಂದು ಕೇಳಿದೆ. ಕಳಿಸದೆ ಇರುತ್ತಾರೆಯೇ, ಮಜ್ಜಿಗೆ, ಪಲ್ಲೆ, ಹಬ್ಬ ಬಂದರೆ ಹೋಳಿಗೆ ಅಂದರು. ಆ ಪಾತ್ರೆಗಳು ಹೇಗೆ ವಾಪಸು ಬರುತ್ತಿದ್ದವು ಎಂದು ಕೇಳಿದೆ. ಬಂಡಮ್ಮ ಸೆರಗು ಸರಿಮಾಡಿಕೊಂಡರು.

“ಆ ವರ್ಷ ಉಂಡಿ ಹಾಕಿ ಕಳಸ್ತಿದ್ಲು. ಗ್ವಾಡಿ ಆಚೆ ಕೂಸು ನೋಡಾಕತ್ತಿದ್ರ ಈಚೆ ಕೂಸಿಗೆ ಒಂದಕ್ಕೇ ಹೆಂಗ ತಿನ್ನಸ್ತೀರಿ ಅಕ್ಕೋರೆ? ಸಾಹೇಬರಿಗೆ ಹೇಳಿದ್ರ ಉಂಡಿ ನಿಲ್ಲಸ್ತಾರ ಅಂತ ಅಂಜಿಕಿ ಇತ್ತು. ಇವನೇ ತಿಂದಾನಲ್ಲರಿ, ಕೇಳ್ರಿ.”

ಚಂದ್ರಶಾ ನೆಲ ನೋಡುತ್ತಿದ್ದ. ನನಗೆ ಬೆಲ್ಲದ ರುಚಿಯಷ್ಟೇ ನೆನಪಿದೆ, ಅದು ಹಬ್ಬದ್ದೆಂದು ತಿಳಿದಿದ್ದೆ ಅಂದ.

ಒಂದು ಮನೆಯ ಮಾತನ್ನು ನಂಬಬಾರದು ಎಂದು ಓಣಿಯಲ್ಲಿ ಆಗಿನ ತಾಯಂದಿರು ಸಿಕ್ಕಲ್ಲೆಲ್ಲ ಕೇಳುತ್ತ ಹೋದೆವು. ಎಲ್ಲ ಕಡೆ ಅದೇ ಉತ್ತರ. ಕೆಲವರು ನಕ್ಕರು, ಮರೆಮ್ಮನ ಸೊಸೆ ಈಗಲೂ ಹೆದರಿದಳು. ಒಂದು ಮನೆ ಬಿಟ್ಟು ಒಂದು ಮನೆ ಆರಿಸಿದ್ದರಿಂದ ಉಂಡೆಯಿಲ್ಲದ ಪ್ರತಿ ಮನೆಯ ಎಡಕ್ಕೂ ಬಲಕ್ಕೂ ಉಂಡೆಯ ಮನೆ. ಸರ್ ಬೇಕೆಂದು ಯೋಜಿಸಿದ್ದರೂ ಇದಕ್ಕಿಂತ ಚೆನ್ನಾಗಿ ಹಂಚಲು ಆಗುತ್ತಿರಲಿಲ್ಲ.

ವ್ಯತ್ಯಾಸ ಬರಲಿಲ್ಲ, ಯಾಕೆಂದರೆ ಇಡೀ ಓಣಿ ತಿಂದಿತ್ತು. ಹಾಗೆಂದು ಉಂಡೆಯಿಂದ ಲಾಭವಾಯಿತು ಎಂದೂ ಹೇಳಲಾಗದು. ತಿನ್ನದವರೇ ಇಲ್ಲದಿದ್ದರೆ ಯಾರ ಜೊತೆ ಹೋಲಿಸುವುದು? ಈ ಅಧ್ಯಯನ ಏನನ್ನೂ ಹೇಳುವುದಿಲ್ಲ. ಚಂದ್ರಶಾ ‘ಬೇಡ’ ಅಂದದ್ದೇ ಸರಿಯಾಯಿತು, ಅವನು ಹೇಳಿದ ಕಾರಣ ಮಾತ್ರ ಸರಿಯಲ್ಲ. ಬಸ್ಸಿನಲ್ಲಿ ಅವನು, ಇನ್ನು ನಾನೂ ತೀರ್ಪು ಕೊಡುವ ಹಾಗಿಲ್ಲ ಮೇಡಂ, ನಾನು ಒತ್ತಿದ್ದನ್ನು ತೆಗೆದುಬಿಡಿ ಅಂದ. ಸರ್ ಅಧ್ಯಯನ ಮಾಡಿದರು, ಇವನು ಅದನ್ನು ತಿಂದ. ನನಗೆ ನಗು ಬಂತು. ಆಮೇಲೆ ಸೇಡಂ ರಸ್ತೆಯ ಮನೆ ನೆನಪಾಗಿ ನಿಂತಿತು.

೧೧ ಮಾರ್ಚ್

ಸರ್ ಅವರಿಗೆ ಹೇಳಿಲ್ಲ.

೧೩ ಮಾರ್ಚ್

ಹೇಳಿಲ್ಲ. ಅಲ್ಲಾಬಕ್ಷ ಅವರು ತಿಂಗಳ ಕೊನೆಗೆ ಬಾಗಿಲು ಮುಚ್ಚುತ್ತದೆ ಎಂದು ನೆನಪು ಮಾಡಿದರು. ಸಂಜೆ ಶೇಂಗಾ ಹುರಿದು ಅರ್ಧ ಖಾಲಾನ ಡಬ್ಬಿಗೆ ಹಾಕಿ ಕೊಟ್ಟೆ. ಕೂತ್ಕೊ ಅಂದರು. ಕೂತೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತ ಹೋದೆ, ಸರ್ ವಿಷಯ ಕೂಡ. ಖಾಲಾ ಎಲೆಕೋಸು ಹೆಚ್ಚುತ್ತ ಕೇಳಿಸಿಕೊಂಡರು. ಸೋತೆ ಅಂತ ಇಷ್ಟು ವರ್ಷ ಕೂತವರಿಗೆ ಹೇಳದೆ ಬಿಟ್ಟರೆ ಅದು ಪಾಪ ಬೇಟಿ ಎಂದಷ್ಟೇ ಅಂದರು.

೧೬ ಮಾರ್ಚ್, ಭಾನುವಾರ

ಹೇಳಿದೆ.

ಸರ್ ಜಗುಲಿಯಲ್ಲಿದ್ದರು, ಭಾಗಮ್ಮನವರು ಬಾಗಿಲ ಹತ್ತಿರ ಬೇಳೆ ಹಸನು ಮಾಡುತ್ತಿದ್ದರು. ನಾನು ನೀರು ಕುಡಿದು, ತರಗತಿಯಲ್ಲಿ ಪಾಠ ಒಪ್ಪಿಸುವ ಹಾಗೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಬಂಡಮ್ಮನ ಡಬ್ಬಿ, ಮರೆಮ್ಮನ ಪಾತ್ರೆ, ಚಂದ್ರಶಾನ ಬೆಲ್ಲ. ಮುಗಿದ ಮೇಲೆ ಸರ್ ಎದ್ದು ಒಳಗೆ ಹೋಗಿ ತಮ್ಮ ಹಳೆಯ ಲೇಖನ ತಂದು, ತೂಕದ ಕೋಷ್ಟಕದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

“ಎರಡೂ ಕಡೆ ಕೂಸು ಬೆಳದಾವ ನೋಡು. ನಾ ವ್ಯತ್ಯಾಸ ಅಷ್ಟೇ ನೋಡಿದೆ,” ಅಂದರು. ಆಮೇಲೆ, “ಅವರು ಕಳಿಸಿದ ಬಾಳೆಹಣ್ಣು ವರ್ಷಪೂರ್ತಿ ತಿಂದೀನಿ. ಡಬ್ಬಿ ಖಾಲಿ ಬರಂಗಿಲ್ಲ ಅಂತ ನನಗ ಗೊತ್ತಿತ್ತು. ನಮ್ಮ ಮನಿಗಷ್ಟೇ ಹಂಗ ಮಾಡ್ತಾರ ಅಂತ ತಿಳಕೊಂಡೆ.”

ಬೆಳೆದದ್ದು ಉಂಡೆಯಿಂದಲೇ ಎಂದು ಹೇಳಲಾಗದು ಸರ್ ಎಂದೆ. ಹೇಳಬಾರದು ಎಂದು ಅವರೇ ತಿದ್ದಿದರು. ಅಧ್ಯಯನವನ್ನು ಬಿಡಬೇಕಾಗುತ್ತದೆ, ನಿಮ್ಮದು ಅದೊಂದೇ ಇತ್ತು ಎಂದೆ. ದುಃಖವಾಯಿತು, ಬರೆದಿಡುತ್ತೇನೆ. ಅವ್ವ ಹೋದಾಗಿನಿಂದ ಹೀಗೆ ಆಗಿರಲಿಲ್ಲ.

ಆಗ ಭಾಗಮ್ಮನವರು ಮೊರ ಕೆಳಗಿಟ್ಟು ನನ್ನನ್ನು ಕೇಳಿದರು. “ತಿಂದಿದ್ವಾ ಕೂಸುಗಳು?”

ತಿಂದಿದ್ದವು, ಎರಡೂ ಮನೆಯವು, ಓಣಿಯ ಮಕ್ಕಳೆಲ್ಲ ಎಂದೆ.

“ನಾ ಕಟ್ಟಿದ್ದು ರುಚಿ ಇರಲಿಲ್ಲ, ಚೆಲ್ಲಿರಬೇಕು ಅಂತ ತಿಳಕೊಂಡಿದ್ದೆ,” ಅಂದರು. “ಇಷ್ಟು ವರ್ಷ.”

ಸರ್ ಭಾಗಮ್ಮನವರ ಕಡೆ ತಿರುಗಿದರು. ಹೆಂಡತಿ ಹೀಗೆ ತಿಳಿದುಕೊಂಡಿದ್ದಾಳೆ ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಲೇಖನವನ್ನು ಮಡಚಿ ನನ್ನ ಕೈಗೆ ಕೊಟ್ಟು, “ತಗದಬಿಡು, ಅಮೃತಾ,” ಅಂದರು. ಭಾಗಮ್ಮನವರು ಕಣ್ಣೊರೆಸಿಕೊಂಡು ಬೇಳೆಗೆ ವಾಪಸಾದರು.

೨೮ ಮಾರ್ಚ್, ಶುಕ್ರವಾರ

‘ಇರಲಿ’ ಇದ್ದದ್ದನ್ನು ‘ಬೇಡ’ ಮಾಡಿದೆ. ಚಂದ್ರಶಾ ತನ್ನದನ್ನು ಹಿಂತೆಗೆದುಕೊಂಡಿದ್ದರಿಂದ ಎರಡನೆಯ ಓದುಗ ಬೇಕಾಯಿತು. ಅಲ್ಲಾಬಕ್ಷ ಅವರನ್ನು ಕೇಳಿದೆ. ಅವರು ಲೇಖನವನ್ನೂ ಕಮಲಾಪುರದಲ್ಲಿ ನಾನು ಬರೆದುಕೊಂಡದ್ದನ್ನೂ ನಿಧಾನವಾಗಿ ಓದಿ, ನಮ್ಮ ಓಣಿಯಲ್ಲೂ ಹಾಗೇರಿ ಮೇಡಂ ಎಂದು ಹೇಳಿ ‘ಬೇಡ’ ಒತ್ತಿದರು. ಕೆಂಪು ಹೋಯಿತು.

ಕಾರಣ ಆರಿಸಿ ಎಂದು ಸಾಫ್ಟ್‌ವೇರ್ ಕೇಳಿತು. ಅದು ಕೊಟ್ಟ ಯಾವ ಕಾರಣವೂ ಹೊಂದಲಿಲ್ಲ. ‘ಇತರೆ’ ಒತ್ತಿ, ಎರಡೂ ಗುಂಪಿನ ಮಕ್ಕಳು ತಿಂದಿದ್ದಾರೆ, ನೆರೆಮನೆಯವರು ಹಂಚಿಕೊಂಡಿದ್ದಾರೆ ಎಂದು ಬರೆದೆ. ಕೈಬಿಟ್ಟ ಅಧ್ಯಯನಗಳನ್ನು ಕಾರಣ ಸಹಿತ ಪ್ರಬಂಧದ ಕೊನೆಯಲ್ಲಿ ಕೊಡಲೇಬೇಕು. ಸರ್ ಹೆಸರು ಅಲ್ಲಿರುತ್ತದೆ. ಫೋನು ಮಾಡಿ ಹೇಳಿದೆ. ಸರಿ ಅಂದರು, ಆಮೇಲೆ ಫೋನು ಇಡದೆ ಉಂಡೆಗೆ ಎಳ್ಳು ಹಾಕಬೇಕಿತ್ತೋ ಏನೋ ಎಂದು ಅರ್ಧ ಗಂಟೆ ಮಾತಾಡಿದರು. ಉಳಿದ ಅಧ್ಯಯನಗಳ ಉತ್ತರ: ಸ್ವಲ್ಪ ಲಾಭವಿದೆ.

೩೧ ಮಾರ್ಚ್, ಸೋಮವಾರ

ಇವತ್ತು ಬಾಗಿಲು ಮುಚ್ಚಿತು. ನನ್ನ ಕೆಲಸ ಮುಗಿದಿದೆ.

ಸಂಜೆ ಸರ್ ಆಟೋದಲ್ಲಿ ಶಹಾಬಜಾರದವರೆಗೆ ಬಂದು, ಇಳಿಯದೆ, ಒಂದು ಡಬ್ಬಿ ಕೊಟ್ಟು ಹೋದರು. ಭಾಗಮ್ಮನವರು ಕಟ್ಟಿದ ಉಂಡೆ. ಚೆನ್ನಾಗಿದೆ. ಬೆಲ್ಲ ಒಂದು ತೂಕ ಹೆಚ್ಚು, ಆದರೂ ಚೆನ್ನಾಗಿದೆ. ಅರ್ಧ ತೆಗೆದು ಖಾಲಾನ ಡಬ್ಬಿಗೆ ಹಾಕಿ ಗೋಡೆಯಾಚೆ ಹೋದೆ. ಭಾಗಮ್ಮನವರ ಡಬ್ಬಿಗೆ ಏನು ಹಾಕಿ ಕಳಿಸುವುದು ಎಂದು ಗೊತ್ತಾಗುತ್ತಿಲ್ಲ ಎಂದು ಖಾಲಾಗೆ ಹೇಳಿದೆ. ಸಕ್ಕರೆ ಸಾಲದು. ಅವ್ವ ಇದ್ದಿದ್ದರೆ ಶೇಂಗಾ ಹಿಂಡಿ ಹಾಕುತ್ತಿದ್ದಳು, ನನಗೆ ಅದು ಬರುವುದಿಲ್ಲ ಎಂದೆ.

ಖಾಲಾ ಉಂಡೆ ಮುರಿದು ಅರ್ಧ ನನ್ನ ಕೈಗಿಟ್ಟರು. “ನಂಗ ಬರ್ತದಲ್ಲ ಬೇಟಿ. ನಿಮ್ಮವ್ವ ಶಂಕ್ರಮ್ಮ ಆಪಾ ಕಳಿಸಿದ್ದು ತಿಂದು ತಿಂದು, ಕೇಳಿ ಕೇಳಿ ಕಲ್ತೀನಿ. ಬೆಳ್ಳುಳ್ಳಿ ಕೊನೀಗೆ ಹಾಕಬೇಕು. ನಾಳೆ ಬಾ.”

ಮನೆಗೆ ಬಂದು ಹಲಗೆಯಿಂದ ಅವ್ವನ ಬಾಟಲಿ ತೆಗೆದೆ. ಉಳಿದ ಹಿಂಡಿಯನ್ನು ಬಿಸಿ ಅನ್ನಕ್ಕೆ ಹಾಕಿಕೊಂಡು ಎಲ್ಲಾ ತಿಂದೆ. ಬಾಟಲಿ ತೊಳೆದು ಒಣಗಲು ಇಟ್ಟಿದ್ದೇನೆ, ನಾಳೆ ಬೇಕಾಗುತ್ತದೆ.